ಆಷಾಢ ಕಳೆಯಲಿ

ಬೀದರ್
30 ಜೂನ್ 2025

ಅಣ್ಣಾ,

ನಿನ್ನೆ ಮನೆ ಸೇರಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಎತ್ತಿದರೆ ನಮ್ಮಿಬ್ಬರಿಗೂ ಮಾತು ಬರುವುದಿಲ್ಲ, ಬರೀ ಜಗಳ ಬರುತ್ತದೆ. ಆಸ್ಪತ್ರೆಯಲ್ಲಿ ನಾವು ಕೂಗಾಡಿದ್ದು ಕೇಳಿ ನರ್ಸಮ್ಮ ಬಂದು, "ಇದೇನ್ ಯಶವಂತಪುರದ ಈರುಳ್ಳಿ ಮಂಡೀನಾ? ಮೆತ್ತಗೆ ಮಾತಾಡ್ರೀ" ಅಂದಳಲ್ಲ, ಇನ್ನೂ ನಾಚಿಕೆಯಾಗುತ್ತಿದೆ. ನಾನು ಮಕ್ಕಳಿಗೆ ಕನ್ನಡ ಕಲಿಸುವ ಮೇಡಂ, ಕಾಗದದ ಮೇಲಾದರೆ ಸ್ವಲ್ಪ ಮರ್ಯಾದೆಯಿಂದ ಇರುತ್ತೇನೆ. ನೀನೂ ಬರೆದೇ ಉತ್ತರ ಕೊಡು.

ನಡೆದದ್ದನ್ನು ಒಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ. ಅವತ್ತು ಜಗಳದಲ್ಲಿ ಅರ್ಧ ಹೇಳಲೇ ಇಲ್ಲ. ರೈಲು ಇಳಿದವಳು ಕೊಡಿಗೇಹಳ್ಳಿಗೆ, ನಿನ್ನ ಮನೆಗೆ ಬರುವ ಮೊದಲೇ ಅಮ್ಮನನ್ನು ನೋಡಿಬಿಡೋಣ ಎಂದು ಸೀದಾ ಸೋಲದೇವನಹಳ್ಳಿಯ ವೃದ್ಧರ ಹೋಮಿಗೆ ಹೋದೆ. ತವರಿಗೆ ಬಂದಾಗಲೆಲ್ಲ ಅಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಈಗ ಅವಳಿಗೆ ಏಳಲಾಗದು, ನಾನೇ ಹಾಕೋಣ ಅಂದುಕೊಂಡೆ. ಅಲ್ಲಿನವರು ಒಪ್ಪಲಿಲ್ಲ. "ಸಂಡೆ ಬನ್ನಿ ಮೇಡಂ, ಸಂಡೆ ಎಲ್ಲಾ ರೆಡಿ ಮಾಡಿಟ್ಟಿರ್ತೀವಿ" ಅಂದರು. ತಾಯಿಗೆ ನೀರು ಹಾಕಲು ಅದೇನು ರೆಡಿ? ನಾನು ಜಗ್ಗಲಿಲ್ಲ. ಕೊನೆಗೆ ಮಲ್ಕಾ ಎಂಬ ಆಯಾ ಮಾತಿಲ್ಲದೆ ಬಿಸಿನೀರು ತಂದಿಟ್ಟು ಬಾಗಿಲು ಹಾಕಿಕೊಂಡಳು. ಇಬ್ಬರೂ ಸೇರಿ ಅಮ್ಮನನ್ನು ಮಗ್ಗುಲಿಗೆ ಹೊರಳಿಸಿದೆವು. ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು. ಒಳಗೆ ಬೆಳ್ಳಗೆ ಕಂಡದ್ದು ಮೂಳೆ ಎಂದು ಆಮೇಲೆ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಹೇಳಿದರು. ಮಲಗಿದಲ್ಲೇ ಇರುವವರನ್ನು ಹೊರಳಿಸದೆ ಬಿಟ್ಟರೆ ಹೀಗಾಗುತ್ತದಂತೆ, ಒಂದೆರಡು ದಿನದಲ್ಲಿ ಆಗುವಂಥದ್ದಲ್ಲವಂತೆ.

ನೀನು ಪ್ರತಿ ಭಾನುವಾರ ಹೋಗುತ್ತಿದ್ದೆ. ಮಲ್ಲಿಗೆ ಕೊಂಡೊಯ್ದು, ಕುರ್ಚಿ ಎಳೆದುಕೊಂಡು ಕೂತು, ಮಾತಾಡಿಸಿ ಬರುತ್ತಿದ್ದೆ. ಗಂಡುಮಗ ತಾಯಿಯ ಸೀರೆ ಸರಿಸಿ ಬೆನ್ನು ನೋಡುವುದುಂಟೇ? ನೋಡುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಹೊಸ ಸೀರೆ ಹೊದಿಸಿ, ನಿನ್ನ ಹೂವನ್ನೇ ಮುಡಿಸಿ, ನಿನ್ನ ಕಣ್ಣಿಗೆ ಮಣ್ಣೆರಚಿದರು. ಅದಕ್ಕೇ ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಣ್ಣಾ. ಆಸ್ಪತ್ರೆಯಲ್ಲಿ ಏನೇನೋ ಅಂದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಆದರೆ ಇದನ್ನು ನಾನು ಇಲ್ಲಿಗೇ ಬಿಡುವುದಿಲ್ಲ. ಆರ್.ಟಿ. ನಗರದಲ್ಲಿ ಜೋಯಾ ಎಂಬ ವಕೀಲರಿದ್ದಾರೆ. ಹೋಮುಗಳಲ್ಲಿ ಹೀಗೆ ನರಳಿದವರ ಮನೆಯವರಿಗೆ ದಾರಿ ತೋರಿಸುವುದೇ ಅವರ ಕೆಲಸ. ಗ್ರಾಹಕರ ಆಯೋಗದಲ್ಲಿ ದೂರು ಹಾಕೋಣ ಅಂದಿದ್ದಾರೆ. ಅಮ್ಮನನ್ನು ಸೇರಿಸಿದವನು ನೀನು, ವಾರವಾರ ನೋಡಿದವನು ನೀನು. ಸೇರಿಸುವಾಗ ಅಮ್ಮನ ಮೈ ಮೇಲೆ ಗಾಯ ಇರಲಿಲ್ಲ ಎಂದು ನೀನು ಪ್ರಮಾಣ ಮಾಡಿ ಹೇಳಿದರೆ ಸಾಕಂತೆ, ಕೇಸಿಗೆ ಅದೇ ಬೆನ್ನುಮೂಳೆ. ಒಂದು ಮಧ್ಯಾಹ್ನ ಹೋಗಿ ಸಹಿ ಹಾಕಿ ಬಾ.

ಅಮ್ಮ ನಿನ್ನ ಮನೆಗೆ ಬಂದಿದ್ದಾಳೆ, ಅತ್ತಿಗೆ ನೋಡಿಕೊಳ್ಳುತ್ತಾರೆ ಎಂಬ ಧೈರ್ಯದ ಮೇಲೆ ಹೊರಟುಬಂದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಅವರಿಗೆ ನೆನಪಿಸು.

ನಿನ್ನ ತಂಗಿ
ಧನಲಕ್ಷ್ಮಿ


ಕೊಡಿಗೇಹಳ್ಳಿ
8 ಜುಲೈ 2025

ಧನಾ,

ಕಾಗದ ಬಂತು. ನಾನು ಮನೆ ಕಟ್ಟುವವರಿಗೆ ಸೆಂಟ್ರಿಂಗ್ ಶೀಟು ಬಾಡಿಗೆ ಕೊಡುವವನು, ನಿನ್ನ ಹಾಗೆ ಬರೆಯಲು ಬರುವುದಿಲ್ಲ. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ಸು ಕಳಿಸಬೇಡ.

ಅಮ್ಮ ಪರವಾಗಿಲ್ಲ. ಗಾಯ ಒಣಗುತ್ತಿದೆ. ನರ್ಸು ಬಂದು ಬ್ಯಾಂಡೇಜು ಬದಲಿಸಿ ಹೋಗುತ್ತಾಳೆ. ಗಂಗರತ್ನ ಹೊರಳಿಸುತ್ತಾಳೆ, ಅವಳ ಸೊಂಟ ನೋವು ನಿನಗೆ ಗೊತ್ತೇ ಇದೆ, ಆದರೂ ಮಾಡುತ್ತಾಳೆ.

ಹೋಮಿನ ಓನರ್ ಮುನಿಯಲ್ಲಪ್ಪನವರು ಮನೆಗೆ ಬಂದಿದ್ದರು. ಮನೆಯವರನ್ನೂ ಮಗ ಸುನೀಲನನ್ನೂ ಕರೆದುಕೊಂಡೇ ಬಂದಿದ್ದರು. ಅಮ್ಮನ ಕೈ ಹಿಡಿದು, "ನಮ್ ಹುಡುಗ್ರು ತಪ್ಪು ಮಾಡವ್ರೆ, ಇಂಗಾಗಬಾರ್ದಿತ್ತು" ಎಂದು ಬಹಳ ನೊಂದುಕೊಂಡರು. ಹಣ್ಣು ಹೂವು ಎಲ್ಲಾ ತಂದಿದ್ದರು. ನಮ್ಮ ಸ್ಮಿತಾ ಕಾಫಿ ತಂದುಕೊಟ್ಟಳು, ಮಗಳನ್ನು ಚೆನ್ನಾಗಿ ಬೆಳೆಸಿದ್ದೀರಿ ಅಂದರು. ಮನುಷ್ಯ ನೀನು ತಿಳಿದ ಹಾಗಲ್ಲ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಅಪ್ಪ ಹೇಳುತ್ತಿದ್ದರು. ಆದರೂ ನೀನು ಹಟ ಹಿಡಿದರೆ ನಾನು ಬೇಡ ಅನ್ನುವವನಲ್ಲ. ಈಗ ಆಷಾಢ. ಆಷಾಢದಲ್ಲಿ ನಮ್ಮ ಮನೆಯಲ್ಲಿ ಬಾಗಿಲಿಗೆ ಬಣ್ಣ ಕೂಡ ಹೊಡೆಸುವುದಿಲ್ಲ, ನಿನಗೆ ಗೊತ್ತು. ಸಹಿ ಗಿಹಿ ಎಲ್ಲಾ ಈಗ ಬೇಡ. ಆಷಾಢ ಕಳೆಯಲಿ, ಎಲ್ಲವನ್ನೂ ಒಂದು ದಡ ಮುಟ್ಟಿಸುತ್ತೇನೆ.

ವಕೀಲರ ಕೈಯಲ್ಲಿ ಏನೇನಿದೆ, ನಮ್ಮ ಕಡೆ ಯಾರ್ಯಾರು ಸಾಕ್ಷಿ ಹೇಳುತ್ತಾರೆ, ಬರಿ. ನನಗೂ ಗೊತ್ತಿದ್ದರೆ ಒಳ್ಳೆಯದು.

ಪಿಳ್ಳಣ್ಣ


ಬೀದರ್
17 ಜುಲೈ 2025

ಅಣ್ಣಾ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಅತ್ತೆ. ಲೋಕವೆಲ್ಲ ಚಂದ್ರನ ಮೇಲೆ ಇಳಿದರೂ ಕೊಡಿಗೇಹಳ್ಳಿಯ ಪಿಳ್ಳಣ್ಣನವರಿಗೆ ಆಷಾಢ ಆಷಾಢವೇ. ಜೋಯಾ ಅವರಿಗೆ ಹೇಳಿದೆ. "ಪರವಾಗಿಲ್ಲ ಬಿಡಿ ಮೇಡಂ, ನಮ್ಮಲ್ಲೂ ಮೊಹರಮ್ಮಲ್ಲಿ ಒಳ್ಳೆ ಕೆಲ್ಸ ಮುಂದಕ್ಕೆ ಹಾಕೋರಿದ್ದಾರೆ. ಸದ್ಯಕ್ಕೆ ನಿಮ್ಮ ಹೆಸರಲ್ಲಿ ದೂರು ಹಾಕಿರ್ತೀನಿ. ಅಣ್ಣಾವ್ರ ಹೇಳಿಕೆ ಶ್ರಾವಣದಲ್ಲಿ ಸೇರಿಸ್ಕೊಳ್ಳೋಣ" ಅಂದರು. ಈ ವಾರ ದೂರು ದಾಖಲಾಗುತ್ತದೆ.

ನೀನು ಕೇಳಿದೆ ಎಂದು ಬರೆಯುತ್ತಿದ್ದೇನೆ, ಬೇರೆ ಯಾರಿಗೂ ಹೇಳಿಲ್ಲ. ಆಸ್ಪತ್ರೆಯಲ್ಲಿ ತೆಗೆದ ಗಾಯದ ಫೋಟೋ ಇದೆ. ಅದಕ್ಕಿಂತ ದೊಡ್ಡದು ಮಲ್ಕಾ. ಆ ಹೋಮಿನಲ್ಲಿ ಅಷ್ಟು ಜನ ಮುದುಕರಿಗೆ ರಾತ್ರಿ ಪಾಳಿಯಲ್ಲಿ ಅವಳೊಬ್ಬಳೇ ಅಂತೆ. ಹೊರಳಿಸಲು ಇನ್ನೊಬ್ಬರು ಬೇಕು ಎಂದು ಕೇಳಿ ಕೇಳಿ ಬೈಸಿಕೊಂಡಿದ್ದಾಳೆ. ಆಯೋಗದ ಮುಂದೆ ಬಂದು ಹೇಳುತ್ತೇನೆ ಅಂದಿದ್ದಾಳೆ. ಅಲ್ಲಿಯವರೆಗೆ ಅವಳ ಹೆಸರು ಹೊರಗೆ ಬರಬಾರದು, ಬಂದರೆ ಅವಳ ಕೆಲಸ ಹೋಗುತ್ತದೆ. ನಿನ್ನ ಹೊಟ್ಟೆಯಲ್ಲಿ ಇಟ್ಟುಕೋ.

ಆ ಮುನಿಯಲ್ಲಪ್ಪನವರು ಹಣ್ಣು ತಂದರೆ ತಿನ್ನು, ಮಾತು ಮಾತ್ರ ಕೊಡಬೇಡ. ಹೆಂಡತಿ ಮಗನನ್ನೂ ಕರೆತಂದರು ಅಂದೆ. ಕೇಸಿನ ಭಯಕ್ಕೆ ಮನುಷ್ಯ ಸಂಸಾರ ಸಮೇತ ಬಂದು ಕಾಲಿಗೆ ಬೀಳುತ್ತಾನೆ ನೋಡು. ಇನ್ನೂ ಸ್ವಲ್ಪ ಹೆದರಲಿ.

ನಾನು ಒಂಟಿ ಅಂದುಕೊಂಡಿದ್ದೆ. ನೀನು ಇದ್ದೀಯ ಎಂದು ತಿಳಿದ ಮೇಲೆ ನಿದ್ದೆ ಬರುತ್ತಿದೆ.

ಧನಾ


ಕೊಡಿಗೇಹಳ್ಳಿ
22 ಆಗಸ್ಟ್ 2025

ಧನಾ,

ಗೌರಿ ಹಬ್ಬಕ್ಕೆ ತವರಿನ ಬಾಗಿನ ಕಳಿಸಿದ್ದೇನೆ. ಸೀರೆ ಗಂಗರತ್ನ ಆರಿಸಿದ್ದು, ಬಣ್ಣ ಹಿಡಿಸದಿದ್ದರೆ ಅವಳನ್ನು ಬೈ. ಈ ಸಲ ಸ್ವಲ್ಪ ಒಳ್ಳೆಯ ರೇಷ್ಮೆಯನ್ನೇ ತೆಗೆದುಕೊಂಡೆವು.

ಕೆಲಸ ಬಹಳ. ಅದಕ್ಕೇ ಬರೆಯಲಾಗಲಿಲ್ಲ. ಅಮ್ಮನ ಬಗ್ಗೆ ಯೋಚನೆ ಮಾಡಬೇಡ. ಈಗ ಇರುವ ಕೋಣೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಕಿಟಕಿಯಿಂದ ಹೊಂಗೆ ಮರ ಕಾಣುತ್ತದೆ. ನೋಡಿಕೊಳ್ಳಲು ಬೇರೆ ಒಬ್ಬಳನ್ನೇ ಇಟ್ಟಿದೆ. ನೀನು ಫೋನ್ ಮಾಡಿದಾಗ ಅವರು ಮಲಗಿರುತ್ತಾರೆ, ಬೇಜಾರಾಗಬೇಡ.

ಪಿಳ್ಳಣ್ಣ


ಬೀದರ್
30 ಆಗಸ್ಟ್ 2025

ಅಣ್ಣಾ,

ಸೀರೆ ಉಟ್ಟು ಪೂಜೆ ಮಾಡಿದೆ. ಪಕ್ಕದ ಮನೆಯವರು, "ನಿಮ್ಮ ತವರಿನೋರು ಭಾರಿ ಇದ್ದಾರಲ್ರೀ" ಅಂದರು. ನಾನು ಏನೂ ಆಗಿಲ್ಲವೆಂಬಂತೆ ಸೆರಗು ಸರಿಮಾಡಿಕೊಂಡೆ.

ಅಮ್ಮನಿಗೆ ಮಹಡಿಯ ಮೇಲೆ ಕೋಣೆ ಮಾಡಿಸಿಕೊಟ್ಟೆಯಾ? ಮೇಲೆ ಹತ್ತಿಸಿದಿರಾದರೂ ಹೇಗೆ? ಒಂದು ಮಾತು ಹೇಳಲಿಲ್ಲ ನೋಡು, ಕಳ್ಳ. ಚಿಕ್ಕಂದಿನಲ್ಲೂ ನೀನು ಹೀಗೇ, ಒಳ್ಳೆಯದು ಮಾಡಿದರೆ ಮುಚ್ಚಿಟ್ಟುಕೊಳ್ಳುವವನು. ಬೀದಿಯ ಹೊಂಗೆ ಮರ ಮೇಲಿಂದ ಅಷ್ಟು ಚೆನ್ನಾಗಿ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಆದರೆ ಸಹಿ? ಶ್ರಾವಣವೂ ಕಳೆಯಿತು ಮಾರಾಯ. ಜೋಯಾ ಅವರು ಮಾಡಿದ ಫೋನನ್ನೂ ನೀನು ಎತ್ತಲಿಲ್ಲವಂತೆ. ಇನ್ನೊಂದು ಚಿಂತೆ, ಮಲ್ಕಾ ಫೋನಿಗೆ ಸಿಗುತ್ತಿಲ್ಲ. ನಂಬರು ಚಾಲ್ತಿಯಲ್ಲಿಲ್ಲ ಎಂದು ಬರುತ್ತದೆ. ಹೋಮಿನ ಕಡೆ ಹೋದರೆ ಮೆಲ್ಲಗೆ ವಿಚಾರಿಸು.

ದಸರಾ ರಜೆಗೆ ಬರುತ್ತೇನೆ. ಹೊಸ ಕೋಣೆಯಲ್ಲಿ ಅಮ್ಮನ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತೇನೆ ಎಂದು ಹೇಳು.

ಧನಾ


ಬೀದರ್
23 ಸೆಪ್ಟೆಂಬರ್ 2025

ಪಿಳ್ಳಣ್ಣನವರಿಗೆ,

ಹೋಮಿನವರು ಆಯೋಗಕ್ಕೆ ಕೊಟ್ಟ ಉತ್ತರವನ್ನು ಜೋಯಾ ಅವರು ಫೋನಿನಲ್ಲಿ ಓದಿ ಹೇಳಿದರು. ಜೊತೆಗೆ ನಿನ್ನ ಪ್ರಮಾಣದ ಹೇಳಿಕೆಯೂ ಇದೆಯಂತೆ. ನಾನು ಮೂರು ತಿಂಗಳು ಕಾದ ಸಹಿ, ಅವರ ಕಡೆಯಿಂದ ಬಂತು.

ಅಮ್ಮನ ಗಾಯ ಹೋಮಿಗೆ ಸೇರಿಸುವ ಮೊದಲೇ, ನಿಮ್ಮ ಮನೆಯಲ್ಲಿದ್ದಾಗಲೇ ಇತ್ತು ಎಂದು ಹೇಳಿದ್ದೀಯ. ಅತ್ತಿಗೆ ಸೊಂಟ ಹಿಡಿದುಕೊಂಡು ಅಮ್ಮನ ಮೈ ತೊಳೆದದ್ದಕ್ಕೆ ನೀನು ಕೊಟ್ಟ ಬಹುಮಾನ ಇದು. ಹೋಮಿನವರ ಉತ್ತರದ ಮುಂದಿನ ಸಾಲನ್ನು ಎರಡು ಸಲ ಓದಿಸಿ ಕೇಳಿದೆ. ಆಗಸ್ಟ್ ತಿಂಗಳಲ್ಲಿ ಮಗನೇ ನಂಬಿಕೆಯಿಟ್ಟು ತಾಯಿಯನ್ನು ಮತ್ತೆ ನಮ್ಮಲ್ಲಿಗೇ ಸೇರಿಸಿದ್ದಾರೆ, ನಿರ್ಲಕ್ಷ್ಯ ನಡೆದಿದ್ದರೆ ಯಾವ ಮಗ ಹಾಗೆ ಮಾಡುತ್ತಾನೆ ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಯಾವ ಮಗ ಮಾಡುತ್ತಾನೆ ಅಣ್ಣಾ?

ಗಾಳಿ, ಬೆಳಕು, ಹೊಂಗೆ ಮರ. ನೀನು ಒಂದು ಸುಳ್ಳನ್ನೂ ಬರೆಯಲಿಲ್ಲ. ನಾನೇ ಮಹಡಿ ಕಟ್ಟಿಕೊಂಡೆ.

ಅತ್ತಿಗೆಗೆ ಫೋನ್ ಮಾಡಿದೆ. ಬಹಳ ಹೊತ್ತು ಅತ್ತರು. "ನಿಮ್ಮಣ್ಣ ಹೇಳ್ಬೇಡ ಅಂದಿದ್ರು ಧನಾ. ಶ್ರಾವಣದಾಗೆ ತಾಂಬೂಲ ಬದ್ಲಾಯಿಸಿಬಿಟ್ರು. ಸ್ಮಿತಾನ ಮುನಿಯಲ್ಲಪ್ಪನ ಮಗನಿಗೇ ಕೊಡ್ತಿರೋದು" ಅಂದರು. ಆಷಾಢ ಕಳೆಯಲಿ ಅಂದದ್ದು ಇದಕ್ಕಾ? ಸಂಸಾರ ಸಮೇತ ಬಂದವರು ಕೇಸಿಗೆ ಹೆದರಿ ಬಂದವರಲ್ಲ, ಹುಡುಗಿ ನೋಡಲು ಬಂದವರು. ಕಾಫಿ ಕುಡಿದು ಹೊಗಳಿದರು ಎಂದು ನೀನು ಬರೆದಿದ್ದೆ. ಎಷ್ಟು ದಡ್ಡಿ ನಾನು! ನಿನಗಾಗಿ ವಕೀಲರ ಹತ್ತಿರ ಗಡುವು ಕೇಳುತ್ತಾ ಕೂತಿದ್ದೆ.

ಮಲ್ಕಾಳನ್ನು ಕೆಲಸದಿಂದ ತೆಗೆದು, ಕಳ್ಳತನದ ದೂರು ಕೊಡುತ್ತೇವೆಂದು ಹೆದರಿಸಿ ಓಡಿಸಿದ್ದಾರಂತೆ, ಜೋಯಾ ಅವರು ವಿಚಾರಿಸಿ ಹೇಳಿದರು. ಅವಳ ಹೆಸರು ಗೊತ್ತಿದ್ದದ್ದು ಜೋಯಾ ಅವರಿಗೆ, ನನಗೆ, ನಿನಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು? ಜೋಯಾ ಅವರು ನನ್ನನ್ನು ಬೈಯಲಿಲ್ಲ. "ಆ ಕಡೆಯೋರು ಸುಳ್ಳು ಹೇಳೋದು ನಮಗೆ ದಿನಾ ಇದ್ದದ್ದೇ ಮೇಡಂ. ನಮ್ಮ ಕಡೆಯೋರೇ ಹೋಗಿ ಅಲ್ಲಿ ಕೂತ್ಬಿಟ್ರೆ ಏನ್ ಮಾಡ್ಲಿ ಹೇಳಿ" ಅಂದರು, ಅಷ್ಟೆ. ಅವರು ಬೈದಿದ್ದರೆ ಚೆನ್ನಾಗಿತ್ತು.

ನಂಬಿಸಿ ಕತ್ತು ಕೊಯ್ದೆ ಅಣ್ಣಾ. ಹೊರಗಿನವರು ಮಾಡಿದ್ದರೆ ಹೊಡೆದಾಡುತ್ತಿದ್ದೆ. ನೀನು ಮಾಡಿದ್ದಕ್ಕೆ ಎಲ್ಲಿ ಹೋಗಿ ಹೇಳಿಕೊಳ್ಳಲಿ?

ಧನಲಕ್ಷ್ಮಿ


ಕೊಡಿಗೇಹಳ್ಳಿ
28 ಸೆಪ್ಟೆಂಬರ್ 2025

ಧನಾ,

ನೀನು ಬೈದದ್ದೆಲ್ಲ ಓದಿದೆ. ಬೈ. ಆದರೆ ನನ್ನ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡು.

ಸ್ಮಿತಾಗೆ ಮೂವತ್ತಾಗುತ್ತಾ ಬಂತು. ಎರಡು ಸಂಬಂಧ ಮನೆಯವರೆಗೂ ಬಂದು ತಪ್ಪಿಹೋದವು. ಹುಡುಗಿಯಲ್ಲಿ ಏನೋ ಇದೆ ಎಂದು ಬೀದಿಯಲ್ಲಿ ಆಡಿಕೊಳ್ಳಲು ಶುರುಮಾಡಿದ್ದರು. ಗಂಗರತ್ನ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಹಾಗಿದ್ದಾಗ ಅವರೇ ಬಾಯಿಬಿಟ್ಟು ಕೇಳಿದರು. ಹುಡುಗ ಒಳ್ಳೆಯವನು, ಹೋಮಿನ ಗೋಜಿಗೆ ಹೋದವನಲ್ಲ. ಕೇಸಿನ ವಿಷಯ ಬಂದಾಗ ಮುನಿಯಲ್ಲಪ್ಪನವರು ಜೋರು ಮಾಡಲಿಲ್ಲ. "ನಮ್ ಮೇಲೆ ನಂಬಿಕೆ ಇದ್ರೆ ಅಮ್ಮನ್ನ ನಮ್ಮತ್ರಾನೇ ಬುಡಿ ಬೀಗ್ರೇ, ಇಲ್ದಿದ್ರೆ ಎಣ್ಣು ಎಂಗ್ ಕೊಡ್ತೀರಾ ನಮ್ ಮನೆಗೆ?" ಎಂದು ಕೇಳಿದರು. ಮಗಳನ್ನು ಕೊಡುತ್ತೇನೆ, ತಾಯಿಯನ್ನು ಬಿಡುವುದಿಲ್ಲ ಎಂದು ಹೇಳಲು ಬರುತ್ತದಾ? ಹೆಣ್ಣು ಕೊಡುವವನು ಗಂಡಿನ ಕಡೆಯವರ ಮುಂದೆ ತಲೆ ತಗ್ಗಿಸಿಯೇ ನಿಲ್ಲಬೇಕು. ಅಪ್ಪ ನಿನ್ನ ಮದುವೆಯಲ್ಲಿ ನಿಂತಿರಲಿಲ್ಲವಾ?

ಮಲ್ಕಾಳ ಹೆಸರು ನಾನು ಬೇಕೆಂದು ಹೇಳಲಿಲ್ಲ. ಮಾತಿಗೆ ಮಾತು ಬಂತು.

ಗಾಯ ಇವತ್ತಲ್ಲ ನಾಳೆ ಒಣಗುತ್ತದೆ ಧನಾ. ಮದುವೆ ನಿಂತರೆ ನಿಂತೇ ಹೋಗುತ್ತದೆ. ನಾನು ಮಾಡಿದ ಲೆಕ್ಕ ಅಷ್ಟೇ. ಅಮ್ಮನನ್ನು ಕೇಳಿಯೇ ಕಳಿಸಿದೆ. "ಎಣ್ಮಗಾ ಚೆನ್ನಾಗಿರ್ಲಿ, ನನ್ನ ಎಲ್ಲಾನಾ ಒಂದ್ಕಡೆ ಆಕು" ಅಂದರು.

ಕಾರ್ತೀಕದಲ್ಲಿ ಮದುವೆ. ದೂರು ವಾಪಸ್ಸು ತಗೋ. ಕಳಸ ಹಿಡಿಯಬೇಕಾದವಳು ಸೋದರತ್ತೆ, ನೀನು. ನೀನು ಬರದಿದ್ದರೆ ಬೀಗರ ಮುಂದೆ ನಾನು ಏನು ಹೇಳಲಿ?

ಪಿಳ್ಳಣ್ಣ


ಬೀದರ್
9 ಅಕ್ಟೋಬರ್ 2025

ಅಣ್ಣಾ,

ಅಮ್ಮ ಈಗ ನನ್ನ ಮನೆಯಲ್ಲಿದ್ದಾಳೆ. ಹೋಮಿನವರು ನಿನಗೆ ಫೋನ್ ಮಾಡಿರುತ್ತಾರೆ. ಅವರು ಹೇಳಿದ್ದು ಒಂದಿರಬಹುದು, ಆದದ್ದು ಇದು.

ವಿಜಯದಶಮಿ ಮುಗಿದ ಮಾರನೆಯ ದಿನ ಜೋಯಾ ಅವರ ಜೊತೆ ಸೋಲದೇವನಹಳ್ಳಿಗೆ ಹೋದೆ. ಸೇರಿಸಿದವರೇ ಬಂದು ಬಿಡಿಸಿಕೊಳ್ಳಬೇಕು, ಅದು ರೂಲ್ಸು ಎಂದು ಗೇಟಿನಲ್ಲೇ ತಡೆದರು. ಜೋಯಾ ಅವರು ದನಿ ಏರಿಸಲಿಲ್ಲ. "ಅವರೇನು ನೀವು ರಸೀದಿ ಕೊಟ್ಟು ಇಟ್ಕೊಂಡಿರೋ ಸಾಮಾನಾ? ಅಜ್ಜಿ ಬರ್ತೀನಿ ಅಂದ್ರೆ ತಡೆಯೋ ಹಕ್ಕು ಮಗನಿಗೂ ಇಲ್ಲ, ನಿಮಗೂ ಇಲ್ಲ. ಬೇಕಾದ್ರೆ ಪೊಲೀಸರನ್ನ ನಾನೇ ಕರೀತೀನಿ" ಅಂದರು. ಗೇಟು ತೆರೆದರು. ಅಮ್ಮನನ್ನು, "ಬರ್ತೀಯೇನಮ್ಮಾ?" ಎಂದು ಕೇಳಿದೆ. "ಬತ್ತೀನಿ" ಅಂದಳು. ಯಾರ ಮನೆಗೆ ಎಂದೂ ಕೇಳಲಿಲ್ಲ.

ನೀನು ಒಣಗುತ್ತದೆ ಅಂದ ಗಾಯದ ಪಕ್ಕದಲ್ಲಿ ಇನ್ನೊಂದು ಬಂದಿದೆ. ಒಂದು ಹಿಮ್ಮಡಿಯೂ ಕಪ್ಪಗಾಗಿದೆ. ಹೊಂಗೆ ಮರವಿರುವುದು ನಿಜ. ಆದರೆ ಅಮ್ಮನನ್ನು ಗೋಡೆಯ ಕಡೆ ಮುಖ ಮಾಡಿ ಮಲಗಿಸಿದ್ದರು. ಬೀಗರ ತಾಯಿಗೆಂದು ಬೇರೆ ಇಟ್ಟವಳು ಹಬ್ಬಕ್ಕೆ ಊರಿಗೆ ಹೋಗಿದ್ದಳು.

ಅಮ್ಮ ನಿನಗೆ, "ಎಲ್ಲಾನಾ ಒಂದ್ಕಡೆ ಆಕು" ಅಂದದ್ದು ನಿಜವೇ ಇರಬೇಕು. ಅವಳು ಹಾಗೇ ಅನ್ನುವವಳು. ಅವಳು ಹಾಗನ್ನುತ್ತಾಳೆ ಎಂದು ಗೊತ್ತಿದ್ದೇ ನೀನು ಕೇಳಿದೆ. ಅದನ್ನು ಮಾತ್ರ ನಾನು ಸಾಯುವವರೆಗೆ ಮರೆಯುವುದಿಲ್ಲ.

ದೂರು ವಾಪಸ್ಸು ತೆಗೆದುಕೊಂಡಿಲ್ಲ. ನಿನ್ನ ಹೇಳಿಕೆಯಿಂದ ಅದಕ್ಕೆ ದೊಡ್ಡ ಪೆಟ್ಟು ಬಿದ್ದಿದೆ, ನಿಲ್ಲುತ್ತದೋ ಬೀಳುತ್ತದೋ ಗೊತ್ತಿಲ್ಲ. ಅತ್ತಿಗೆ ಬಂದು ಎರಡು ಮಾತು ಹೇಳಿದರೆ ಉಳಿಯಬಹುದಂತೆ. ನಾನು ಅವರನ್ನು ಕೇಳುವುದಿಲ್ಲ. ಗಂಡ, ಮಗಳು ಇಬ್ಬರೂ ಆ ಕಡೆ ನಿಂತಿರುವಾಗ ಅವರನ್ನೂ ಹರಿದು ಹಂಚುವುದು ಬೇಡ.

ಇನ್ನೊಂದು ವಿಷಯ. ನೋಟೀಸು ಬರುವ ಮೊದಲು ನನ್ನ ಕೈಬರಹದಲ್ಲೇ ನಿನಗೆ ತಿಳಿಯಲಿ. ತಿಳಿದೂ ತಿಳಿದೂ ತಾಯಿಯನ್ನು ಮತ್ತೆ ಅದೇ ಜಾಗದಲ್ಲಿ ಬಿಟ್ಟವರ ಮೇಲೆ ಬೇರೆ ಅರ್ಜಿ ಹಾಕಬಹುದು, ಹಿರಿಯ ನಾಗರಿಕರ ನ್ಯಾಯಮಂಡಳಿ ಎಂದು ಇದೆ ಅಂದರು ಜೋಯಾ. ಅರ್ಜಿ ಅಮ್ಮನದೇ ಆಗಬೇಕು. ರೈಲು ಹಿಡಿಯಲು ಯಶವಂತಪುರಕ್ಕೆ ಹೋಗುವ ಮೊದಲು ಸುತ್ತು ಹಾಕಿಕೊಂಡು ಆರ್.ಟಿ. ನಗರಕ್ಕೆ ಬಂದು ಅವರ ಆಫೀಸಿನ ಮುಂದೆ ಆಂಬುಲೆನ್ಸ್ ನಿಲ್ಲಿಸಿದೆವು. ಅಮ್ಮನನ್ನು ಇಳಿಸುವ ಹಾಗಿರಲಿಲ್ಲ. ಜೋಯಾ ಅವರೇ ಮೇಲೆ ಹೋಗಿ ಟೈಪು ಮಾಡಿಸಿ ತಂದು, ಹಿಂದಿನ ಬಾಗಿಲು ತೆಗೆದು ಅಮ್ಮನ ಕಾಲ ಬಳಿ ಕೂತರು. ಅಮ್ಮ ಬೇಡ ಅನ್ನುತ್ತಾಳೆ, ನಿನ್ನ ಪರ ನಿಲ್ಲುತ್ತಾಳೆ ಎಂದೇ ನಾನು ತಿಳಿದಿದ್ದೆ. ಸತ್ಯ ಹೇಳುತ್ತೇನೆ, ಬೇಡ ಅಂದರೆ ಅವಳ ಮೇಲೂ ಕೂಗಾಡಲು ಸಿದ್ಧಳಾಗಿದ್ದೆ.

ಜೋಯಾ ಅವರು ನಿಧಾನವಾಗಿ ಓದಿದರು. ಅರ್ಜಿದಾರರು ಸೊಣ್ಣಮ್ಮ. ಎದುರುದಾರರು ಪಿಳ್ಳಣ್ಣ, ಅರ್ಜಿದಾರರ ಮಗ. ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡಿದ್ದ ಅಮ್ಮ ಕಣ್ಣು ಬಿಟ್ಟಳು.

"ಮಗ ಅಂತ ಬರೀಬ್ಯಾಡ ಕಣಮ್ಮಾ. ಎಸ್ರು ಸಾಕು" ಅಂದಳು.

"ಅಜ್ಜೀ, ಈ ಅರ್ಜಿ ಮಕ್ಕಳ ಮೇಲೇ ಹಾಕ್ಬೇಕಾಗಿರೋದು. ಮಗ ಅನ್ನೋದು ತೆಗೆದ್ರೆ ಅರ್ಜೀನೇ ನಿಲ್ಲಲ್ಲ" ಅಂದರು ಜೋಯಾ.

ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಡ್ರೈವರ್ ಇಳಿದು ಬಂದು ನಮ್ಮ ಮುಖ ನೋಡಿ ಸುಮ್ಮನೆ ವಾಪಸ್ಸು ಹೋದ.

"ಅಂಗಾದ್ರೆ ಇರ್ಲಿ, ಬರ್ಕೊ" ಅಂದಳು ಅಮ್ಮ. "ನನ್ ಒಟ್ಟೇಲಿ ಉಟ್ಟಿದ್ದು ಸುಳ್ಳಾಗಲ್ವಲ್ಲ."

ಆಮೇಲೆ ಹೆಬ್ಬೆಟ್ಟು ಒತ್ತಲು ತಾನೇ ಕೈ ಚಾಚಿದಳು.

ಧನಲಕ್ಷ್ಮಿ